ಇಪ್ಪತ್ತಕ್ಕೇ ಶುರುವಾಗುವ ಇಳಿಕೆ: ಬದುಕಿರುವ ಮಿದುಳಿನಲ್ಲಿ ಸೆರೊಟೋನಿನ್ ರಿಸೆಪ್ಟರ್ ಎಣಿಸೋದು ಹೇಗೆ?

1983ರ ಮೇ ತಿಂಗಳು. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಹೆನ್ರಿ ವ್ಯಾಗ್ನರ್ ಅನ್ನೋ 56 ವರ್ಷದ ಪ್ರೊಫೆಸರ್ ತಮ್ಮದೇ ಲ್ಯಾಬಿನ ಪೆಟ್ ಸ್ಕ್ಯಾನರ್ ಒಳಗೆ ತಲೆ ಇಟ್ಟು ಮಲಗಿದರು. ರೇಡಿಯೋಆಕ್ಟಿವ್ ಕಾರ್ಬನ್ ಸೇರಿಸಿದ ಒಂದು ರಾಸಾಯನಿಕವನ್ನು ತೀರಾ ಸಣ್ಣ ಪ್ರಮಾಣದಲ್ಲಿ ಅವರ ರಕ್ತನಾಳಕ್ಕೆ ಚುಚ್ಚಲಾಯಿತು. ಅದು ಮಿದುಳಿನೊಳಗೆ ಹೋಗಿ ಎಲ್ಲೆಲ್ಲಿ ಅಂಟಿಕೊಂಡಿತೋ ಅಲ್ಲೆಲ್ಲ ಸ್ಕ್ರೀನ್ ಮೇಲೆ ಬಣ್ಣ ಮೂಡಿತು. ಬದುಕಿರುವ ಮನುಷ್ಯನ ಮಿದುಳಿನ ರಿಸೆಪ್ಟರ್‌ಗಳನ್ನು ಪೆಟ್ ಮೂಲಕ ಕಂಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಮನುಷ್ಯರ ರಿಸೆಪ್ಟರ್ ಎಣಿಸಬೇಕು ಅಂದ್ರೆ ಸತ್ತವರ ಮಿದುಳನ್ನು ಫ್ರೀಜರ್‌ನಲ್ಲಿಟ್ಟು, ಹಪ್ಪಳಕ್ಕಿಂತ ತೆಳ್ಳಗೆ ಕತ್ತರಿಸಿ ಲೆಕ್ಕ ಹಾಕಬೇಕಿತ್ತು.

ಮುಂದಿನ ವರ್ಷವೇ ಅದೇ ತಂಡದ ಡೀನ್ ವಾಂಗ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪೇಪರ್ ಬರೆದರು. 44 ಜನ ಆರೋಗ್ಯವಂತ ಸ್ವಯಂಸೇವಕರು, ಎಲ್ಲರಿಗಿಂತ ಚಿಕ್ಕವರಿಗೆ 19 ವರ್ಷ, ದೊಡ್ಡವರಿಗೆ 73. ವಯಸ್ಸು ಏರಿದಂತೆ ಡೋಪಮಿನ್ ರಿಸೆಪ್ಟರ್‌ಗಳ ಸಿಗ್ನಲ್ ಇಳೀತಾ ಹೋಗಿತ್ತು. ಸೆರೊಟೋನಿನ್ ರಿಸೆಪ್ಟರ್‌ಗಳದ್ದೂ ಇಳಿದಿತ್ತು, ಆದರೆ ಅಷ್ಟು ಜೋರಾಗಿ ಅಲ್ಲ. ನನಗೂ ಈಗ ಹತ್ತೊಂಬತ್ತು. ಅಂದ್ರೆ ಆ ಗ್ರಾಫಿನ ಎಡತುದಿಯಲ್ಲಿರುವ ಚುಕ್ಕೆ ನಮ್ಮ ಕ್ಲಾಸಿನವರು ಯಾರಾದರೂ ಆಗಿರಬಹುದಿತ್ತು. ಅಲ್ಲಿಂದ ಮುಂದಕ್ಕೆ ಗೆರೆ ಇಳಿಯೋದೇ.

ಈ ಗೆರೆ ಯಾಕೆ ಮುಖ್ಯ ಅಂತ ಹೇಳ್ತೀನಿ. ತಾತ ಹೋದಮೇಲೆ ನಮ್ಮ ಅಜ್ಜಿ ಮಾತು ಕಡಿಮೆ ಮಾಡಿದ್ರು, ಊಟ ಬಿಟ್ರು, ಟಿವಿ ಧಾರಾವಾಹಿ ಕೂಡ ಬೇಡ ಅಂದ್ರು. ಬಂದ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: “ವಯಸ್ಸಾಯ್ತಲ್ಲ, ಹಾಗೇನೇ.” ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದು ಕೇಳಿರೋ ಮಾತೇ. ಮನಸ್ಸಿನ ಲವಲವಿಕೆಗೆ ಸಂಬಂಧಪಟ್ಟ ಸೆರೊಟೋನಿನ್ ವ್ಯವಸ್ಥೆ ವಯಸ್ಸಿನ ಜೊತೆ ತಾನಾಗೇ ಕರಗ್ತಾ ಹೋಗತ್ತೆ ಅಂತಾದರೆ ಆ ಮಾತಿಗೆ ವಿಜ್ಞಾನದ ಸೀಲ್ ಬಿದ್ದ ಹಾಗೆ. ಇಳಿಕೆಯ ಆಕಾರ ಬೇರೇನೇ ಇದ್ದರೆ ಆ ಮಾತು ನಿಲ್ಲಲ್ಲ. ಆದ್ದರಿಂದ ಎಷ್ಟು ಇಳಿಯತ್ತೆ, ಯಾವ ವಯಸ್ಸಲ್ಲಿ ಇಳಿಯತ್ತೆ ಅನ್ನೋದು ತಿಳಿಯಬೇಕು. ಅದನ್ನು ತಿಳಿಯೋಕೆ ಮೊದಲು ಸ್ಕ್ಯಾನರ್ ನಿಜಕ್ಕೂ ಏನನ್ನು ಅಳೆಯತ್ತೆ ಅಂತ ಗೊತ್ತಾಗಬೇಕು. ಅದು ನಮ್ಮ ಏರಿಯಾ: ಸರ್ಕ್ಯೂಟ್, ಕನ್ವಲ್ಯೂಷನ್, ಸ್ವಲ್ಪ ಫಿಸಿಕ್ಸ್.

ಯಾವ ರಿಸೆಪ್ಟರ್?

ಸೆರೊಟೋನಿನ್ ಬಗ್ಗೆ ಇನ್‌ಸ್ಟಾಗ್ರಾಮ್ ರೀಲ್ಸ್‌ನಲ್ಲಿ ‘ಹ್ಯಾಪಿ ಕೆಮಿಕಲ್’ ಅಂತ ಹೇಳ್ತಾರೆ. ಅದನ್ನು ಅಲ್ಲೇ ಬಿಡೋಣ. ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು ಇರೋದು ಕರುಳಿನಲ್ಲಿ. ಮಿದುಳಿಗೆ ಬೇಕಾದ್ದನ್ನು ಮಿದುಳುಕಾಂಡದ ರಾಫೆ ಅನ್ನೋ ಪುಟ್ಟ ಜಾಗದ ನ್ಯೂರಾನ್‌ಗಳು ತಯಾರಿಸಿ, ಉದ್ದುದ್ದ ತಂತುಗಳ ಮೂಲಕ ಇಡೀ ಮಿದುಳಿಗೆ ಹಂಚುತ್ತವೆ. ತಲುಪಿದ ಕಡೆ ಅದನ್ನು ಹಿಡಿಯೋಕೆ ಹದಿನಾಲ್ಕು ಬಗೆಯ ರಿಸೆಪ್ಟರ್‌ಗಳಿವೆ. ಒಂದೇ ಸುದ್ದಿ, ಹದಿನಾಲ್ಕು ಥರದ ಕಿವಿ. ಒಬ್ಬರು ಕೇಳಿ ಸುಮ್ಮನಾಗ್ತಾರೆ, ಇನ್ನೊಬ್ಬರು ಎದ್ದು ಕುಣಿಯುತ್ತಾರೆ.

ಇದರಲ್ಲಿ ವಯಸ್ಸಿನ ಲೆಕ್ಕಕ್ಕೆ ಅತಿ ಹೆಚ್ಚು ಸ್ಕ್ಯಾನ್ ಆಗಿರೋದು ಎರಡು. 5-ಎಚ್‌ಟಿ1ಎ ರಾಫೆಯಲ್ಲೂ ಹಿಪ್ಪೊಕ್ಯಾಂಪಸ್‌ನಲ್ಲೂ ದಟ್ಟವಾಗಿರತ್ತೆ. 5-ಎಚ್‌ಟಿ2ಎ ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ತುಂಬ ಹರಡಿದೆ. ಎಲ್‌ಎಸ್‌ಡಿ ತನ್ನ ಆಟ ಆಡೋದು ಮುಖ್ಯವಾಗಿ ಇದರ ಮೇಲೆ. (ಪರೀಕ್ಷೆಗೆ ಬರಲ್ಲ, ಆದರೂ ಎಲ್ಲರಿಗೂ ನೆನಪಿರತ್ತೆ.) ಇದಲ್ಲದೆ ಬಿಡುಗಡೆಯಾದ ಸೆರೊಟೋನಿನ್ನನ್ನು ವಾಪಸ್ ಎಳೆದುಕೊಳ್ಳುವ ಟ್ರಾನ್ಸ್‌ಪೋರ್ಟರ್ ಅಂತ ಒಂದಿದೆ. ಡಿಪ್ರೆಶನ್‌ಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ತಡೆಯೋದು ಅದನ್ನು. ಈ ಲೇಖನದಲ್ಲಿ ಹೆಚ್ಚಾಗಿ 2ಎ ಬಗ್ಗೆಯೇ ಮಾತಾಡ್ತೀನಿ, ಯಾಕಂದ್ರೆ ವಯಸ್ಸಿನ ಕಥೆ ಅಲ್ಲೇ ಗಟ್ಟಿಯಾಗಿದೆ.

ಎರಡು ಫೋಟಾನ್, ಒಂದು ಗೆರೆ

ರಿಸೆಪ್ಟರ್‌ಗೆ ಅಂಟುವ ಒಂದು ಅಣುವನ್ನು ಆರಿಸಿ, ಅದರಲ್ಲಿ ಒಂದು ಪರಮಾಣುವನ್ನು ರೇಡಿಯೋಆಕ್ಟಿವ್ ಮಾಡಬೇಕು. ಇದಕ್ಕೆ ಟ್ರೇಸರ್ ಅಂತಾರೆ. ಕಾರ್ಬನ್-11 ಆದರೆ ಅರ್ಧಾಯುಷ್ಯ ಸುಮಾರು 20 ನಿಮಿಷ, ಫ್ಲೋರಿನ್-18 ಆದರೆ ಸುಮಾರು 110 ನಿಮಿಷ. ಕಾರ್ಬನ್-11 ಟ್ರೇಸರ್ ಇಟ್ಟುಕೊಂಡು 90 ನಿಮಿಷ ಸ್ಕ್ಯಾನ್ ಮಾಡಿದರೆ ಕೊನೆಗೆ ಉಳಿಯೋದು ಶೇಕಡ 4ರ ಆಸುಪಾಸು. ಸೈಕ್ಲೊಟ್ರಾನ್ ಸ್ಕ್ಯಾನರ್ ಪಕ್ಕದಲ್ಲೇ ಇರಬೇಕು ಅನ್ನೋದು ಇದಕ್ಕೇ. ಊರಿನ ಇನ್ನೊಂದು ತುದಿಯಿಂದ ತರಿಸಿದರೆ ಅರ್ಧಕ್ಕರ್ಧ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಖಾಲಿ.

ಈ ಪರಮಾಣು ಒಡೆದಾಗ ಪಾಸಿಟ್ರಾನ್ ಹೊರಬರತ್ತೆ. ಅದು ಒಂದೆರಡು ಮಿಲಿಮೀಟರ್ ಒಳಗೇ ಒಂದು ಎಲೆಕ್ಟ್ರಾನ್‌ಗೆ ಸಿಕ್ಕಿ ಎರಡೂ ಇಲ್ಲವಾಗ್ತವೆ. ಬದಲಿಗೆ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎರಡು ಫೋಟಾನ್‌ಗಳು ಹೆಚ್ಚುಕಡಿಮೆ ಎದುರುಬದುರು ದಿಕ್ಕಿಗೆ ಹಾರುತ್ತವೆ. ತಲೆಯ ಸುತ್ತ ಉಂಗುರದ ಹಾಗೆ ಜೋಡಿಸಿದ ಹರಳುಗಳಲ್ಲಿ ಎರಡು ಹರಳುಗಳಿಗೆ ಕೆಲವೇ ನ್ಯಾನೋಸೆಕೆಂಡ್ ಅಂತರದಲ್ಲಿ ಪೆಟ್ಟು ಬಿದ್ದರೆ, ಘಟನೆ ನಡೆದದ್ದು ಅವೆರಡನ್ನು ಸೇರಿಸುವ ಗೆರೆಯ ಮೇಲೆ ಎಲ್ಲೋ ಅಂತ ಅರ್ಥ. ಇಂಥ ಲಕ್ಷಾಂತರ ಗೆರೆಗಳನ್ನು ಸೇರಿಸಿ ಚಿತ್ರ ಕಟ್ಟೋದು. ಡಿಜಿಟಲ್ ಲ್ಯಾಬ್‌ನಲ್ಲಿ ಆಂಡ್ ಗೇಟ್ ಯಾಕೆ ಕಲೀಬೇಕು ಅಂತ ಗೊಣಗಿದವರಿಗೆ: ಪೆಟ್ ಸ್ಕ್ಯಾನರ್‌ನ ಜೀವವೇ ಒಂದು ಆಂಡ್ ಗೇಟ್.

ಇಲ್ಲಿವರೆಗೆ ಸಿಕ್ಕಿದ್ದು ಏನು? ಯಾವ ಜಾಗದಲ್ಲಿ ಎಷ್ಟು ರೇಡಿಯೋಆಕ್ಟಿವಿಟಿ ಇದೆ ಅನ್ನೋದು ಅಷ್ಟೇ. ರಿಸೆಪ್ಟರ್ ಸಂಖ್ಯೆ ಇನ್ನೂ ಸಿಕ್ಕಿಲ್ಲ. ಒಂದು ಜಾಗದಲ್ಲಿ ಟ್ರೇಸರ್ ಮೂರು ಅವತಾರದಲ್ಲಿರತ್ತೆ: ರಕ್ತದಲ್ಲಿ ಹರೀತಿರೋದು, ಅಂಗಾಂಶದಲ್ಲಿ ಸುಮ್ಮನೆ ಅಲೀತಿರೋದು, ರಿಸೆಪ್ಟರ್‌ಗೆ ಅಂಟಿರೋದು. ಸ್ಕ್ಯಾನರ್‌ಗೆ ಮೂರೂ ಒಂದೇ. ಬಸ್ ಸ್ಟ್ಯಾಂಡನ್ನು ಡ್ರೋನ್‌ನಿಂದ ನೋಡಿದರೆ ತಲೆಗಳು ಕಾಣ್ತವೆ, ಯಾರು ಸೀಟಲ್ಲಿ ಕೂತಿದ್ದಾರೆ ಯಾರು ಸುಮ್ಮನೆ ಓಡಾಡ್ತಿದ್ದಾರೆ ಅಂತ ಕಾಣಲ್ಲ.

ಎರಡನೇ ಕೆಪಾಸಿಟರ್

ಇಲ್ಲಿ ನನಗೆ ನಿಜವಾಗಲೂ ಖುಷಿ ಕೊಟ್ಟ ಭಾಗ ಬರತ್ತೆ. ಈ ಸಮಸ್ಯೆ ಬಿಡಿಸೋಕೆ ಬಳಸುವ ಮಾಡೆಲ್ ನಾವು ಎರಡನೇ ಸೆಮಿಸ್ಟರ್‌ನಲ್ಲಿ ನೋಡಿದ ಆರ್‌ಸಿ ಸರ್ಕ್ಯೂಟೇ.

ರಕ್ತವನ್ನು ವೋಲ್ಟೇಜ್ ಸೋರ್ಸ್ ಅಂದುಕೊಳ್ಳಿ. ಅಲ್ಲಿಂದ ಒಂದು ರೆಸಿಸ್ಟರ್ ಮೂಲಕ ಮೊದಲ ಕೆಪಾಸಿಟರ್: ಅದು ಅಂಗಾಂಶದಲ್ಲಿ ಅಲೆಯುತ್ತಿರುವ ಟ್ರೇಸರ್. ಅಲ್ಲಿಂದ ಇನ್ನೊಂದು ರೆಸಿಸ್ಟರ್ ಮೂಲಕ ಎರಡನೇ ಕೆಪಾಸಿಟರ್: ಅದು ರಿಸೆಪ್ಟರ್‌ಗೆ ಅಂಟಿದ ಟ್ರೇಸರ್. ಇಂಜೆಕ್ಷನ್ ಕೊಟ್ಟ ಕೂಡಲೇ ಮೊದಲನೆಯದು ಚಾರ್ಜ್ ಆಗತ್ತೆ, ನಿಧಾನಕ್ಕೆ ಎರಡನೆಯದೂ ತುಂಬತ್ತೆ, ಆಮೇಲೆ ರಕ್ತದಲ್ಲಿ ಟ್ರೇಸರ್ ಕಡಿಮೆಯಾದ ಹಾಗೆ ಎರಡೂ ಖಾಲಿಯಾಗ್ತವೆ. ನಾವು ಹೊರಗಿನಿಂದ ಅಳೆಯೋದು ಎರಡೂ ಕೆಪಾಸಿಟರ್‌ಗಳ ಒಟ್ಟು ಚಾರ್ಜ್. ನಮಗೆ ಬೇಕಿರೋದು ಎರಡನೇ ಕೆಪಾಸಿಟರ್ ಎಷ್ಟು ದೊಡ್ಡದು ಅನ್ನೋದು. ಮೊದಲನೆಯದಕ್ಕೆ ಹೋಲಿಸಿದರೆ ಎರಡನೆಯದು ಎಷ್ಟು ಪಟ್ಟು ಅನ್ನೋ ಅನುಪಾತಕ್ಕೆ ಬೈಂಡಿಂಗ್ ಪೊಟೆನ್ಷಿಯಲ್ ಅಂತ ಹೆಸರು. ಈ ಕಲ್ಪನೆಯನ್ನು 1984ರಲ್ಲಿ ಪೆಟ್‌ಗೆ ತಂದವರು ಮಾರ್ಕ್ ಮಿಂಟನ್ ಮತ್ತು ಅವರ ಜೊತೆಗಾರರು.

ಒಟ್ಟು ಮಾತ್ರ ಗೊತ್ತಿದ್ದರೆ ಬಿಡಿಸೋದು ಹೇಗೆ? ಎರಡನೇ ಕೆಪಾಸಿಟರ್ ಇಲ್ಲವೇ ಇಲ್ಲ ಅನ್ನೋ ಥರದ ಒಂದು ಜಾಗ ಮಿದುಳಲ್ಲೇ ಸಿಕ್ಕರೆ ಕೆಲಸ ಸುಲಭ. 2ಎ ವಿಷಯದಲ್ಲಿ ಅದು ಸಿಗತ್ತೆ. ತಲೆಯ ಹಿಂಭಾಗದಲ್ಲಿ ಕೆಳಗಿರುವ ಸೆರೆಬೆಲ್ಲಮ್‌ನಲ್ಲಿ ಈ ರಿಸೆಪ್ಟರ್ ನಗಣ್ಯ ಅನ್ನುವಷ್ಟು ಕಡಿಮೆ. ಎಲ್ಲ ಸ್ಥಿರವಾದಮೇಲೆ ಕಾರ್ಟೆಕ್ಸ್‌ನ ಸಿಗ್ನಲ್ಲನ್ನು ಸೆರೆಬೆಲ್ಲಮ್ ಸಿಗ್ನಲ್‌ನಿಂದ ಭಾಗಿಸಿ ಒಂದು ಕಳೆದರೆ ಬೈಂಡಿಂಗ್ ಪೊಟೆನ್ಷಿಯಲ್ ಕೈಗೆ ಬರತ್ತೆ. ಪೇಪರ್ ಮೇಲೆ ಒಂದು ಸಲ ಬರೆದು ನೋಡಿ, ಎರಡು ಸಾಲಿನ ಲೆಕ್ಕ. 1984ರ ಆ ಮೊದಲ ಅಧ್ಯಯನದಲ್ಲೂ ಅಳತೆಗೋಲು ಸೆರೆಬೆಲ್ಲಮ್‌ಗೆ ಹೋಲಿಸಿದ ಅನುಪಾತವೇ ಆಗಿತ್ತು. ಅವರು ಬಳಸಿದ ಮಿಥೈಲ್‌ಸ್ಪೈಪೆರೋನ್ ಡೋಪಮಿನ್ ರಿಸೆಪ್ಟರ್‌ಗೂ ಅಂಟತ್ತೆ, ಸೆರೊಟೋನಿನ್ ರಿಸೆಪ್ಟರ್‌ಗೂ ಅಂಟತ್ತೆ. ಮಿದುಳಿನ ಒಳಗಿರುವ ಕಾಡೇಟ್, ಪುಟಾಮೆನ್‌ಗಳಲ್ಲಿ ಕಂಡದ್ದನ್ನು ಡೋಪಮಿನ್ ಲೆಕ್ಕಕ್ಕೂ, ಕಾರ್ಟೆಕ್ಸ್‌ನಲ್ಲಿ ಕಂಡದ್ದನ್ನು ಸೆರೊಟೋನಿನ್ ಲೆಕ್ಕಕ್ಕೂ ಹಾಕಿದ್ದರು. ಆಮೇಲೆ ಬಂದ ಆಲ್ಟಾನ್‌ಸೆರಿನ್ ಅನ್ನೋ ಫ್ಲೋರಿನ್-18 ಟ್ರೇಸರ್ 2ಎ ವಿಷಯದಲ್ಲಿ ಹೆಚ್ಚು ನಿಷ್ಠೆಯದ್ದು.

ಆಲ್ಟಾನ್‌ಸೆರಿನ್‌ಗೂ ಒಂದು ತಕರಾರಿದೆ. ದೇಹ ಅದನ್ನು ಒಡೆದಾಗ ಹುಟ್ಟುವ ಕೆಲವು ತುಂಡುಗಳೂ ರೇಡಿಯೋಆಕ್ಟಿವ್ ಆಗೇ ಇದ್ದು, ಮಿದುಳಿನೊಳಕ್ಕೂ ನುಸುಳುತ್ತವೆ. ಅಂದ್ರೆ ಸರ್ಕ್ಯೂಟ್‌ಗೆ ಇನ್ನೊಂದು ಸೋರ್ಸ್ ಬಂದ ಹಾಗೆ. ಕೋಪನ್‌ಹೇಗನ್‌ನವರು ಇದಕ್ಕೆ ಚೆಂದದ ಉಪಾಯ ಮಾಡಿದರು: ಒಂದೇ ಸಲ ಚುಚ್ಚಿ ಬಿಡೋ ಬದಲು, ಮೊದಲು ಒಂದು ಡೋಸ್ ಕೊಟ್ಟು, ಆಮೇಲೆ ಡ್ರಿಪ್ ಥರ ಗಂಟೆಗಟ್ಟಲೆ ಹರಿಸೋದು. ಇಂಪಲ್ಸ್ ರೆಸ್ಪಾನ್ಸ್ ಬಿಡಿಸೋ ತಲೆನೋವು ಬಿಟ್ಟು ಸರ್ಕ್ಯೂಟನ್ನು ಸ್ಟೆಡಿ ಸ್ಟೇಟ್‌ಗೆ ತಂದು ಅಳೆಯೋದು. ಯಾವ ಎಲೆಕ್ಟ್ರಿಕಲ್ ಪ್ರೊಫೆಸರ್‌ಗೆ ಹೇಳಿದರೂ ತಲೆದೂಗುತ್ತಾರೆ.

ಇಷ್ಟಾದಮೇಲೂ ಒಂದು ಗಂಟು ಉಳಿಯತ್ತೆ. ಬೈಂಡಿಂಗ್ ಪೊಟೆನ್ಷಿಯಲ್ ಅಂದರೆ ಖಾಲಿ ಇರುವ ರಿಸೆಪ್ಟರ್‌ಗಳ ಸಾಂದ್ರತೆ ಮತ್ತು ಅವುಗಳ ಹಿಡಿತ, ಇವೆರಡರ ಗುಣಲಬ್ಧ. ಸೀಟು ಜಾಸ್ತಿ ಇದ್ದಿದ್ದಕ್ಕೆ ಜನ ಕೂತರೋ, ಸೀಟು ಮೆತ್ತಗಿದೆ ಅಂತ ಏಳದೆ ಕೂತರೋ ಅನ್ನೋದನ್ನು ಒಂದೇ ಸ್ಕ್ಯಾನ್ ಹೇಳಲ್ಲ. ‘ಖಾಲಿ’ ಅನ್ನೋ ಪದವನ್ನೂ ಗಮನಿಸಿ. ಮಿದುಳಿನ ಸ್ವಂತ ಸೆರೊಟೋನಿನ್ ಬಂದು ಸೀಟು ಹಿಡಿದಿದ್ದರೆ ಟ್ರೇಸರ್‌ಗೆ ಜಾಗ ಸಿಗಲ್ಲ, ಅಷ್ಟರಮಟ್ಟಿಗೆ ರಿಸೆಪ್ಟರ್ ಕಡಿಮೆ ಅನ್ನಿಸಬಹುದು. ಆಲ್ಟಾನ್‌ಸೆರಿನ್ ಮಟ್ಟಿಗೆ ಈ ಪೈಪೋಟಿ ದೊಡ್ಡದಲ್ಲ ಅಂತ ಸಾಮಾನ್ಯ ಅಭಿಪ್ರಾಯ. ಆದರೂ ಪೇಪರ್‌ಗಳಲ್ಲಿ ‘ರಿಸೆಪ್ಟರ್ ಸಂಖ್ಯೆ’ ಅಂತ ಬರೆಯದೆ ‘ಬೈಂಡಿಂಗ್’ ಅಂತಲೇ ಯಾಕೆ ಬರೆಯುತ್ತಾರೆ ಅಂತ ಈಗ ಗೊತ್ತಾಗಿರಬೇಕು. ನ್ಯೂಸ್ ಹೆಡ್‌ಲೈನ್ ಹೊತ್ತಿಗೆ ಆ ಎಚ್ಚರ ಬಿದ್ದುಹೋಗಿರತ್ತೆ.

ತುಂತುರು ಮಳೆಯಲ್ಲಿ ಎಳೆ ರಂಗೋಲಿ

ವಯಸ್ಸಿನ ಅಧ್ಯಯನಕ್ಕೆ ಅಂತಲೇ ಕಾದು ಕೂತಿರುವ ಒಂದು ಬಲೆ ಇದೆ, ಅದೇ ನನ್ನ ಪ್ರಕಾರ ಈ ಇಡೀ ವಿಷಯದ ಹೃದಯ.

ಮನುಷ್ಯನ ಕಾರ್ಟೆಕ್ಸ್ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್. ಆಸ್ಪತ್ರೆಗಳ ಪೆಟ್ ಸ್ಕ್ಯಾನರ್‌ನ ರೆಸಲ್ಯೂಷನ್ 4ರಿಂದ 6 ಮಿಲಿಮೀಟರ್. ಅಂದರೆ ನೋಡಬೇಕಾದ ವಸ್ತು ನೋಡುವ ಕಣ್ಣಿನ ಮಸುಕಿಗಿಂತ ತೆಳು. ಹೊಸ್ತಿಲಲ್ಲಿ ಒಂದು ದಪ್ಪ ಗೆರೆ, ಒಂದು ಎಳೆ ಗೆರೆ ರಂಗೋಲಿ ಹಾಕಿ. ಎರಡಕ್ಕೂ ಪುಡಿ ಒಂದೇ ಬಿಳುಪಿನದ್ದು. ತುಂತುರು ಮಳೆ ಬಂದು ಪುಡಿ ಅಕ್ಕಪಕ್ಕಕ್ಕೆ ಹರಡಿದರೆ ಎಳೆ ಗೆರೆ ಹೆಚ್ಚು ಮಂಕಾಗಿ ಕಾಣತ್ತೆ. ಪುಡಿ ಕೆಟ್ಟದಾಗಿ ಹೋಯ್ತು ಅಂತಲ್ಲ, ಗೆರೆ ಸಣ್ಣದಿತ್ತು ಅಷ್ಟೇ.

ವಯಸ್ಸಾದ ಹಾಗೆ ಕಾರ್ಟೆಕ್ಸ್ ಸ್ವಲ್ಪ ಸ್ವಲ್ಪ ತೆಳುವಾಗೋದು ಎಂಆರ್‌ಐನಲ್ಲಿ ಚೆನ್ನಾಗಿ ಗೊತ್ತಾಗಿರುವ ಸಂಗತಿ. ಹಾಗಾದರೆ ಒಂದೊಂದು ಘನ ಮಿಲಿಮೀಟರ್‌ನಲ್ಲೂ ರಿಸೆಪ್ಟರ್ ಅಷ್ಟೇ ಇದ್ದರೂ ಪೆಟ್ ಚಿತ್ರದಲ್ಲಿ ‘ಇಳಿಕೆ’ ಕಾಣಬಹುದು. ಎಷ್ಟು ಕಾಣಬಹುದು? ಒಂದು ಪಟ್ಟಿಯನ್ನು ಗಾಸಿಯನ್ ಜೊತೆ ಕನ್ವಾಲ್ವ್ ಮಾಡಿದೆ. ಇದು ಲೆಕ್ಕಕ್ಕೆ ಅಂತ ನಾನು ಇಟ್ಟುಕೊಂಡ ಸಂಖ್ಯೆಗಳು: ಒಬ್ಬರಿಗೆ ಕಾರ್ಟೆಕ್ಸ್ 3 ಮಿಲಿಮೀಟರ್, ಇನ್ನೊಬ್ಬರಿಗೆ 2.5, ಇಬ್ಬರಲ್ಲೂ ರಿಸೆಪ್ಟರ್ ಸಾಂದ್ರತೆ ಒಂದೇ, ಸುತ್ತಮುತ್ತ ಸೊನ್ನೆ. ಸ್ಕ್ಯಾನರ್ ಮಸುಕು 6 ಮಿಲಿಮೀಟರ್ ಆದರೆ ಪಟ್ಟಿಯ ನಡುವೆ ಮೊದಲನೆಯವರಲ್ಲಿ ನಿಜವಾದ ಸಿಗ್ನಲ್‌ನ ಶೇಕಡ 44 ಕಾಣತ್ತೆ, ಎರಡನೆಯವರಲ್ಲಿ ಶೇಕಡ 38. ಅಂದರೆ ಒಂದೇ ಒಂದು ರಿಸೆಪ್ಟರ್ ಸಾಂದ್ರತೆ ಕಳೆದುಕೊಳ್ಳದೆ ಶೇಕಡ 15ರಷ್ಟು ‘ನಷ್ಟ’! ಮಸುಕನ್ನು 2.5 ಮಿಲಿಮೀಟರ್‌ಗೆ ಇಳಿಸಿದರೂ, ಅಂದ್ರೆ ಮಿದುಳಿಗೆ ಅಂತಲೇ ಮಾಡಿದ ಒಳ್ಳೆ ಸ್ಕ್ಯಾನರ್ ತಂದರೂ, ಸುಮಾರು ಶೇಕಡ 10 ಸುಳ್ಳು ಇಳಿಕೆ ಉಳಿಯತ್ತೆ. ನಂಪೈನಲ್ಲಿ ಹತ್ತು ಸಾಲಿನ ಕೋಡ್, ನೀವೇ ಮಾಡಿ ನೋಡಬಹುದು.

ಇದಕ್ಕೆ ಪರಿಹಾರ ಎಂಆರ್‌ಐ. ಅದೇ ವ್ಯಕ್ತಿಯ ಎಂಆರ್‌ಐ ತೆಗೆದು, ಎಲ್ಲಿ ಕಾರ್ಟೆಕ್ಸ್ ಇದೆ ಎಲ್ಲಿ ಇಲ್ಲ ಅಂತ ಗುರುತಿಸಿ, ಆ ನಕ್ಷೆಯನ್ನು ಸ್ಕ್ಯಾನರ್‌ನ ಮಸುಕಿನಿಂದಲೇ ಮಸುಕಾಗಿಸಿ, ಅದರಿಂದ ಪೆಟ್ ಚಿತ್ರವನ್ನು ಭಾಗಿಸೋದು. ಇದಕ್ಕೆ ಪಾರ್ಷಿಯಲ್ ವಾಲ್ಯೂಮ್ ಕರೆಕ್ಷನ್ ಅಂತಾರೆ. 1990ರ ಸುಮಾರಿಗೆ ಇದನ್ನು ರೂಪಿಸಿದವರಲ್ಲಿ ಕ್ಯಾರೊಲಿನ್ ಮೆಲ್ಟ್‌ಜರ್ ಒಬ್ಬರು. ಅವರೇ ಆಮೇಲೆ ಪಿಟ್ಸ್‌ಬರ್ಗ್‌ನಲ್ಲಿ ಆಲ್ಟಾನ್‌ಸೆರಿನ್ ಇಟ್ಟುಕೊಂಡು, 2ಎ ಇಳಿಕೆ ಈ ತಿದ್ದುಪಡಿಯ ನಂತರವೂ ಉಳಿಯತ್ತಾ ಅಂತ ನೇರವಾಗಿ ಪರೀಕ್ಷೆ ಮಾಡಿದರು. 1998ರಲ್ಲಿ ಬಂದ ಉತ್ತರ: ಉಳಿಯತ್ತೆ. ಇಳಿಕೆ ಬರೀ ಮಸುಕಿನ ಮಾಯೆ ಅಲ್ಲ. ಇಲ್ಲಿಂದ ಮುಂದೆ ‘ಎಷ್ಟು’ ಅಂತ ಕೇಳೋಕೆ ನಮಗೆ ಹಕ್ಕು ಬರತ್ತೆ.

ಹದಿನೇಳೋ ಆರೋ?

2002ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಯೆವೆಟ್ ಶೆಲೈನ್ ಅವರ ಪೇಪರ್ ಬಂತು. ಮೇಲೆ ಹೇಳಿದ ಮಿಂಟನ್ ಕೂಡ ಅದರ ಲೇಖಕರಲ್ಲಿ ಒಬ್ಬರು. 22 ಜನ, 21ರಿಂದ 69 ವರ್ಷ, ಟ್ರೇಸರ್ ಆಲ್ಟಾನ್‌ಸೆರಿನ್. ಇಪ್ಪತ್ತರಿಂದ ಐವತ್ತರವರೆಗೆ ದಶಕಕ್ಕೆ ಸರಾಸರಿ ಶೇಕಡ 17ರಂತೆ 2ಎ ಬೈಂಡಿಂಗ್ ಇಳಿಯತ್ತೆ, ಆಮೇಲೆ ಇಳಿಕೆ ನಿಧಾನ ಆಗತ್ತೆ. ಪೇಪರಿನ ಶೀರ್ಷಿಕೆಯೇ ಹೇಳೋದು: ನಷ್ಟ ನಡುವಯಸ್ಸಿನಲ್ಲಿ ಹೆಚ್ಚು, ಮುಪ್ಪಿನಲ್ಲಿ ಕಡಿಮೆ.

2004ರಲ್ಲಿ ಕೋಪನ್‌ಹೇಗನ್‌ನಿಂದ ಇನ್ನೊಂದು. 52 ಜನ, 21ರಿಂದ 79 ವರ್ಷ, ಟ್ರೇಸರ್ ಅದೇ, ವಿಧಾನ ಮೇಲೆ ಹೇಳಿದ ಡ್ರಿಪ್ ವಿಧಾನ. ಅವರ ಲೆಕ್ಕ: ದಶಕಕ್ಕೆ ಶೇಕಡ 6ರ ಆಸುಪಾಸು.

ಹದಿನೇಳಕ್ಕೂ ಆರಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದು ನಿಜ ಆದರೆ ನಾವು ಐವತ್ತು ಮುಟ್ಟೋ ಹೊತ್ತಿಗೆ ಅರ್ಧದ ಹತ್ತಿರ ಹೋಗಿರತ್ತೆ. ಎರಡನೆಯದು ನಿಜ ಆದರೆ ಐದರಲ್ಲಿ ಒಂದು ಪಾಲೂ ಹೋಗಿರಲ್ಲ. ಎರಡೂ ಒಳ್ಳೆ ಲ್ಯಾಬ್‌ಗಳೇ, ಟ್ರೇಸರ್ ಕೂಡ ಒಂದೇ. ನನಗೆ ಕೋಪನ್‌ಹೇಗನ್ ಸಂಖ್ಯೆಯ ಮೇಲೆ ನಂಬಿಕೆ ಜಾಸ್ತಿ: ಜನ ಹೆಚ್ಚು, ಆ ರೇಡಿಯೋಆಕ್ಟಿವ್ ತುಂಡುಗಳ ಕಾಟಕ್ಕೆ ಉಪಾಯ ಇದೆ. ಶೆಲೈನ್ ಪೇಪರಿನ ಇಪ್ಪತ್ತೆರಡು ಚುಕ್ಕೆಗಳನ್ನು ಐದು ದಶಕಕ್ಕೆ ಹಂಚಿದರೆ ದಶಕಕ್ಕೆ ನಾಲ್ಕೈದು ಜನ. ಅಷ್ಟರ ಮೇಲೆ ಬಾಗಿದ ಗೆರೆ ಎಳೆದರೆ ಒಬ್ಬಿಬ್ಬರು ಬದಲಾದರೂ ಗೆರೆ ಅಲುಗಾಡತ್ತೆ. ಲ್ಯಾಬ್ ರೆಕಾರ್ಡ್‌ನಲ್ಲಿ ನಾಲ್ಕು ರೀಡಿಂಗ್ ಇಟ್ಟುಕೊಂಡು ಕರ್ವ್ ಎಳೆಯುವ ನಮಗೆ ಇದು ಚೆನ್ನಾಗಿ ಗೊತ್ತು.

ಹಾಗಂತ ಅವರು ಸೋಮಾರಿಗಳಲ್ಲ. ಆರೋಗ್ಯವಾಗಿರೋ ಒಬ್ಬರನ್ನು ಕರೆದು, ರೇಡಿಯೋಆಕ್ಟಿವ್ ಚುಚ್ಚಿ, ಎಷ್ಟೋ ಸಲ ಕೈಯ ಅಪಧಮನಿಗೆ ನಳಿಕೆ ಹಾಕಿ ರಕ್ತ ತೆಗೀತಾ, ಗಂಟೆಗಟ್ಟಲೆ ತಲೆ ಅಲ್ಲಾಡಿಸಬೇಡಿ ಅನ್ನಬೇಕು. ಒಪ್ಪುವವರು ಸಿಗೋದೇ ಕಷ್ಟ, ಖರ್ಚೂ ವಿಪರೀತ. ಅದಕ್ಕೇ ಬಿಡಿ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡೋ ದಾರಿ ಹಿಡಿಯುತ್ತಾರೆ. 2019ರಲ್ಲಿ ಹಾಗೆ 31 ಅಧ್ಯಯನಗಳನ್ನು, ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದರು. ವಯಸ್ಸಿನ ಜೊತೆ ಅತಿ ಗಟ್ಟಿಯಾಗಿ ಇಳಿದಿದ್ದು 2ಎ. ಟ್ರಾನ್ಸ್‌ಪೋರ್ಟರ್ ಕೂಡ ಇಳಿದಿತ್ತು, ಅದಕ್ಕಿಂತ ಕಡಿಮೆ. 1ಎ ಕೂಡ ಇಳಿದಿತ್ತು, ಆದರೆ ಆ ಇಳಿಕೆ ಸಣ್ಣದು. ಒಂದೇ ಸೆರೊಟೋನಿನ್ ವ್ಯವಸ್ಥೆಯ ಭಾಗಗಳು ಬೇರೆ ಬೇರೆ ವೇಗದಲ್ಲಿ ಮುಪ್ಪಾಗ್ತವೆ ಅಂತಾಯ್ತು.

‘ವಯಸ್ಸಾಯ್ತಲ್ಲ’ ಅನ್ನುವ ಮಾತಿಗೆ

ಈಗ ನೆಂಟರ ಮಾತಿಗೆ ಬರೋಣ. ಈ ಎಲ್ಲ ಅಧ್ಯಯನಗಳಲ್ಲಿ ಸ್ಕ್ಯಾನ್ ಮಾಡಿಸಿಕೊಂಡವರು ಆರೋಗ್ಯವಂತರು. ಎಪ್ಪತ್ತರ ಹಿರಿಯರಲ್ಲಿ 2ಎ ಬೈಂಡಿಂಗ್ ಕಡಿಮೆ ಇತ್ತು, ಆದರೆ ಅವರಿಗೆ ಡಿಪ್ರೆಶನ್ ಇರಲಿಲ್ಲ. ಇದ್ದಿದ್ದರೆ ಅಧ್ಯಯನಕ್ಕೇ ತಗೊಳ್ತಿರಲಿಲ್ಲ. ಕಡಿಮೆ ರಿಸೆಪ್ಟರ್ ಇಟ್ಟುಕೊಂಡೇ ಅವರು ಲವಲವಿಕೆಯಿಂದ ಸ್ಕ್ಯಾನ್ ಸೆಂಟರ್‌ಗೆ ನಡೆದು ಬಂದಿದ್ದರು.

1999ರಲ್ಲಿ ಮೆಲ್ಟ್‌ಜರ್ ತಂಡ ಮತ್ತೊಂದು ಹೆಜ್ಜೆ ಮುಂದೆ ಹೋಗಿ ಮೂರು ಗುಂಪುಗಳನ್ನು ಹೋಲಿಸಿತು: ಆರೋಗ್ಯವಂತ ಹಿರಿಯರು, ಡಿಪ್ರೆಶನ್ ಇರುವ ಹಿರಿಯರು, ಅಲ್ಝೈಮರ್ಸ್ ಇರುವ ಹಿರಿಯರು. ಅಲ್ಝೈಮರ್ಸ್ ಇದ್ದವರಲ್ಲಿ 2ಎ ಬೈಂಡಿಂಗ್ ಗಮನಾರ್ಹವಾಗಿ ಕಡಿಮೆ. ಡಿಪ್ರೆಶನ್ ಇದ್ದವರಲ್ಲಿ ಮಾತ್ರ ಆರೋಗ್ಯವಂತರಿಗಿಂತ ವ್ಯತ್ಯಾಸವೇ ಸಿಗಲಿಲ್ಲ. ಐದು ವರ್ಷ ಬಿಟ್ಟು ಶೆಲೈನ್ ತಂಡ, ಡಿಪ್ರೆಶನ್ ಇರುವ ಹಿರಿಯರ ಹಿಪ್ಪೊಕ್ಯಾಂಪಸ್‌ನಲ್ಲಿ ಇಳಿಕೆ ಇದೆ ಅಂತ ತೋರಿಸಿತು. ಹಾಗಾಗಿ ಈ ಜಗಳ ಮುಗಿದಿಲ್ಲ. ಆದರೆ ಎರಡು ಕಡೆಯವರೂ ಒಪ್ಪುವ ಸಂಗತಿ ಒಂದಿದೆ: ಮುಪ್ಪಿನ ಡಿಪ್ರೆಶನ್ ಅಂದರೆ ವಯಸ್ಸಿನ ಸಹಜ ಇಳಿಕೆಯದ್ದೇ ಮುಂದಿನ ಸ್ಟಾಪ್ ಅಲ್ಲ. ಅದೊಂದು ಬೇರೆ ಕಾಯಿಲೆ, ಚಿಕಿತ್ಸೆ ಇರುವ ಕಾಯಿಲೆ. ನಮ್ಮ ಅಜ್ಜಿಗೆ ಕೊನೆಗೆ ಅತ್ತೆ ಹಟ ಹಿಡಿದು ಡಾಕ್ಟರ್ ಹತ್ತಿರ ಕರ್ಕೊಂಡು ಹೋದ್ರು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮತ್ತೆ ಧಾರಾವಾಹಿಯ ಸೊಸೆಗೆ ಬೈಯೋಕೆ ಶುರು ಮಾಡಿದ್ರು. ಇದು ಪುರಾವೆ ಅಲ್ಲ, ಒಂದೇ ಚುಕ್ಕೆ. ಆದರೆ ನನಗೆ ಬೇಕಾದ ಚುಕ್ಕೆ.

ಇನ್ನೊಂದು ಕೊರತೆ ಹೇಳಲೇಬೇಕು. ಇಲ್ಲಿವರೆಗಿನ ಗ್ರಾಫ್‌ಗಳಲ್ಲಿ ಇಪ್ಪತ್ತರವರು ಬೇರೆ ಜನ, ಎಪ್ಪತ್ತರವರು ಬೇರೆ ಜನ. 2002ರಲ್ಲಿ 69 ವರ್ಷ ಆದವರು ಹುಟ್ಟಿದ್ದು 1930ರ ದಶಕದಲ್ಲಿ. ಅವರು ತಿಂದ ಊಟ, ಕಂಡ ಕಷ್ಟ, ತಗೊಂಡ ಮಾತ್ರೆ ಎಲ್ಲ ಬೇರೆ. ಕೋಪನ್‌ಹೇಗನ್ ಡೇಟಾದಲ್ಲಿ ದೇಹದ ತೂಕಕ್ಕೂ 2ಎ ಬೈಂಡಿಂಗ್‌ಗೂ ಸಂಬಂಧ ಕಂಡಿತ್ತು ಅನ್ನೋದನ್ನು ನೋಡಿದರೆ ಇದು ಸುಮ್ಮನೆ ತೆಗೆಯೋ ತಕರಾರಲ್ಲ. ಒಬ್ಬರನ್ನೇ ಹಿಡಿದು ವರ್ಷಗಟ್ಟಲೆ ಹಿಂಬಾಲಿಸಿದರೆ ಮಾತ್ರ ನಿಜವಾದ ಇಳಿಜಾರು ಗೊತ್ತಾಗೋದು. ನಮ್ಮಲ್ಲೇ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಹೀಗೆ ಮತ್ತೆ ಮತ್ತೆ ಪರೀಕ್ಷಿಸುವ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ಅವರು ಹುಡುಕ್ತಿರೋದು ಡಿಮೆನ್ಶಿಯಾದ ಸುಳಿವು, ಸೆರೊಟೋನಿನ್ ಅಲ್ಲ. ಆದರೆ ತತ್ವ ಇದೇ. 2ಎ ವಿಷಯದಲ್ಲಿ ಕೋಪನ್‌ಹೇಗನ್‌ನವರು ಆರೋಗ್ಯವಂತ ಹಿರಿಯರನ್ನು ಎರಡು ವರ್ಷ ಬಿಟ್ಟು ಮತ್ತೆ ಕರೆದು ಸ್ಕ್ಯಾನ್ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಬದಲಾವಣೆ ಕಾಣಲಿಲ್ಲ. ಎರಡು ವರ್ಷ ಸಣ್ಣ ಅವಧಿ ನಿಜ. ಆದರೂ ಶೆಲೈನ್ ಹೇಳಿದ ‘ಮುಪ್ಪಿನಲ್ಲಿ ಗೆರೆ ಚಪ್ಪಟೆಯಾಗತ್ತೆ’ ಅನ್ನೋ ಮಾತಿಗೆ ಇದು ಹೊಂದಿಕೊಳ್ಳತ್ತೆ. ಸಂಖ್ಯೆಯಲ್ಲಿ ನಾನು ಅವರ ಜೊತೆ ಇಲ್ಲದಿದ್ದರೂ ಆಕಾರದಲ್ಲಿ ಅವರು ಸರಿ ಇರಬಹುದು ಅನ್ಸತ್ತೆ.

ಕೈಯಾರೆ ನೋಡಬೇಕು ಅನ್ನಿಸಿದವರಿಗೆ: 2017ರಲ್ಲಿ ಕೋಪನ್‌ಹೇಗನ್ ಗುಂಪು 210 ಆರೋಗ್ಯವಂತರ ಪೆಟ್ ಮತ್ತು ಎಂಆರ್‌ಐ ಸೇರಿಸಿ ನಾಲ್ಕು ಸೆರೊಟೋನಿನ್ ರಿಸೆಪ್ಟರ್ ಮತ್ತು ಟ್ರಾನ್ಸ್‌ಪೋರ್ಟರ್‌ನ ಅಟ್ಲಾಸ್ ಮಾಡಿ ಉಚಿತವಾಗಿ ಬಿಟ್ಟಿದ್ದಾರೆ. ಪೈಥಾನ್‌ನಲ್ಲಿ ನಿಬೇಬಲ್ ಹಾಕಿಕೊಂಡರೆ ತೆರೆಯಬಹುದು. ಮೊದಲು 1ಎ ಫೈಲ್ ತೆಗೆದು ಮಿದುಳುಕಾಂಡದಲ್ಲಿ ರಾಫೆಯ ಪುಟ್ಟ ಚುಕ್ಕೆ ಹುಡುಕಿ. ಆಮೇಲೆ 2ಎ ತೆಗೆಯಿರಿ, ಇಡೀ ಕಾರ್ಟೆಕ್ಸ್ ಹೊಳೆಯತ್ತೆ. ಅದರಲ್ಲೇ ಕೆಳಗೆ, ಹಿಂದೆ, ಕಪ್ಪಗೆ ಉಳಿದಿರೋದು ಸೆರೆಬೆಲ್ಲಮ್: ಎರಡನೇ ಕೆಪಾಸಿಟರ್ ಇಲ್ಲದ ನಮ್ಮ ಸರ್ಕ್ಯೂಟ್.